ನವಿಲಿನ ಮೇಲಿಟ್ಟ ಕೈ

ನಾನು ಕೂರ್ವಾಲ್ ಕೋಟೆಯಲ್ಲಿ ಕೈಗೆ ನೀರು ಹಾಕುವವನು. ನಗಬೇಡಿ. ಅಡುಗೆಯವನು ಸೌಟು ಹಿಡಿದು ಮೆರೆಯಬಹುದು, ಭಟ್ಟಂಗಿ ಬಿರುದು ಕೂಗಿ ಮೆರೆಯಬಹುದು. ಆದರೆ ನನ್ನ ಹೂಜಿ ಬಗ್ಗುವವರೆಗೆ ದೊರೆಯ ಪಂಕ್ತಿಯಲ್ಲಿ ಒಬ್ಬರೂ ರೊಟ್ಟಿ ಮುರಿಯುವ ಹಾಗಿಲ್ಲ. ಹತ್ತೊಂಬತ್ತು ವರ್ಷದಿಂದ ಬರ್ಗಂಡಿಯ ಈ ಮೂಲೆಯ ದೊಡ್ಡ ಮನುಷ್ಯರಿಗೆಲ್ಲ ಕೈ ತೊಳೆಸಿದ್ದೇನೆ. ಮುಖ ನೋಡಿ ಮನುಷ್ಯನನ್ನು ಅಳೆಯುವವರು ಅಳೆದುಕೊಳ್ಳಲಿ, ನನಗೆ ಉಗುರು ಸಾಕು.

ನನ್ನ ನೀರು ಎಲ್ಲರಿಗೂ ಸಿಗುವಂಥದ್ದಲ್ಲ. ಉದ್ದನೆಯ ಮೇಜಿನ ನಡುವೆ ಹಡಗಿನ ಆಕಾರದ ಬೆಳ್ಳಿಯ ಉಪ್ಪಿನ ಬಟ್ಟಲು ಇದೆಯಲ್ಲ, ಅದಕ್ಕಿಂತ ಮೇಲೆ, ಅಂದರೆ ದೊರೆಯ ಕಡೆಗೆ ಕೂತವರಿಗೆ ಮಾತ್ರ ಗುಲಾಬಿ ದಳ ಹಾಕಿದ ಬೆಚ್ಚನೆಯ ನೀರು. ಉಪ್ಪಿಗಿಂತ ಕೆಳಗೆ, ಬಾಗಿಲ ಕಡೆ ಕೂರುವವರು ಅಂಗಳದ ಕಲ್ಲುತೊಟ್ಟಿಯಲ್ಲಿ ಕೈ ಅದ್ದಿಕೊಂಡು ಬರಬೇಕು. ಆ ತೊಟ್ಟಿಯಲ್ಲಿ ಕುದುರೆಗಳೂ ನೀರು ಕುಡಿಯುತ್ತವೆ. ನಮ್ಮ ಗೋಬೆರ್ ಸರದಾರರು ಇಪ್ಪತ್ತೆರಡು ವರ್ಷ ಅದರಲ್ಲೇ ಕೈ ಅದ್ದಿದವರು.

ಸರದಾರ ಎಂದಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಇವರ ಆಸ್ತಿ ಎಂದರೆ ಒಂದು ಹಿಟ್ಟಿನ ಗಿರಣಿ, ಸೋರುವ ಒಂದು ಗೋಪುರ, ಕಿವಿ ಕೇಳದ ಒಂದು ಕುದುರೆ. ಹೆಂಡತಿ ಪೆರೆಟ್ ಅಮ್ಮ ಹೆಬ್ಬಾತು ಸಾಕುತ್ತಾರೆ. ಸಂತ ಮಾರ್ಟಿನರ ಹಬ್ಬದ ದಿನ ಎಲ್ಲರೂ ಹೆಬ್ಬಾತು ತಿಂದು ಮುಗಿಸಿದ ಮೇಲೆ ಅದರ ಎದೆಮೂಳೆಯನ್ನು ಬೆಳಕಿಗೆ ಹಿಡಿದು, ಈ ಸಲ ಚಳಿ ಎಷ್ಟು, ಹಿಮ ಯಾವಾಗ ಎಂದು ಹೇಳುವುದು ಈಯಮ್ಮನೇ. ಸುತ್ತ ಏಳು ಹಳ್ಳಿಯವರು ಆ ಮಾತು ನಂಬಿ ಸೌದೆ ಕಡಿಯುತ್ತಾರೆ. ಸರದಾರರ ಮಾತನ್ನು ಮಾತ್ರ ಯಾರೂ ನಂಬುವುದಿಲ್ಲ. ಒಮ್ಮೆ ಯುದ್ಧಕ್ಕೆ ಹೋಗಿದ್ದರು, ದಾರಿ ತಪ್ಪಿ, ಯುದ್ಧ ಮುಗಿದ ನಾಲ್ಕನೆಯ ದಿನ ತಲುಪಿ, ಯಾರೂ ಇಲ್ಲದ ಬಯಲಿನಲ್ಲಿ ಒಬ್ಬರೇ ಕತ್ತಿ ಬೀಸಿ ಬಂದರು. ಬಹಳ ಒಳ್ಳೆಯ ಮನುಷ್ಯ. ಒಂದೇ ತೊಂದರೆ, ಗಾಬರಿಯಾದರೆ ಇವರ ಬಾಯಿ ಇವರ ಮಾತು ಕೇಳುವುದಿಲ್ಲ.

ಜನವರಿಯ ಒಂದು ಬೆಳಿಗ್ಗೆ ಈ ಸರದಾರರು ಹೆಬ್ಬಾತಿನ ಕೊಬ್ಬಿನ ಭರಣಿ ಹಿಡಿದು ನನ್ನ ಮನೆಗೆ ಬಂದರು.

"ಇಂಬೇರಾ, ಒಂದು ಉಪಕಾರ ಮಾಡಪ್ಪಾ. ನಮ್ಮ ಮಗಳು ಅಲಿಸಾನ್ ಮದುವೆ ನಿಂತು ಹೋಗೋ ಹಾಗಿದೆ."

"ಯಾಕೆ ಬುದ್ಧಿ? ಬೆರ್ಟಿನ್‌ಗೆ ಹುಡುಗಿ ಒಪ್ಪಿಗೆ ಇಲ್ವಾ?"

"ಹುಡುಗ ಒಪ್ಪಿದಾನೆ, ಹುಡುಗಿ ಒಪ್ಪಿದಾಳೆ. ಅವನ ತಾಯಿ ಒಪ್ಪಿಲ್ಲ. 'ಉಪ್ಪಿಗಿಂತ ಕೆಳಗೆ ಕೂರೋರ ಮನೆ ಹೆಣ್ಣು ತಂದು, ನಾಳೆ ನನ್ನ ಮೊಮ್ಮಕ್ಕಳು ಕುದುರೆ ತೊಟ್ಟೀಲಿ ಕೈ ತೊಳೀಬೇಕಾ?' ಅಂತ ಕೇಳ್ತಾರೆ."

ಬೆರ್ಟಿನ್‌ನ ತಾಯಿ ಎರ್ಮೆಂಗಾರ್ಡ್ ಅಮ್ಮನವರಿಗೆ ಮೂರು ಹಳ್ಳಿ, ಎರಡು ಗಲ್ಲ. ಉಪವಾಸದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾಸ್ಕ, ಅಂದರೆ ಈಸ್ಟರ್ ಹಬ್ಬದವರೆಗೆ ಮದುವೆ ಮಾಡುವ ಹಾಗಿಲ್ಲ. ಆ ಬುಧವಾರದ ಹಿಂದಿನ ದಿನ, ಮಂಗಳವಾರದೊಳಗೆ ಇದು ಇತ್ಯರ್ಥವಾಗದಿದ್ದರೆ ಬೇರೆ ಕಡೆ ಹೆಣ್ಣು ನೋಡುತ್ತೇನೆ ಎಂದು ಆಯಮ್ಮ ಹೇಳಿಕಳಿಸಿದ್ದರು.

ನಾನು ಕಲ್ಲುಮನಸ್ಸಿನವನಲ್ಲ. ಕೊಬ್ಬೂ ಒಳ್ಳೆಯದಿತ್ತು. ಫೆಬ್ರವರಿ ಮೊದಲಲ್ಲಿ ಬರುವ ಮೇಣದಬತ್ತಿ ಹಬ್ಬದ ಔತಣಕ್ಕೆ ದೊರೆಯ ಸೋದರಮಾವನಿಗೆ ಕಾಲು ಬಾತು ಬರಲಾಗದೆ, ಉಪ್ಪಿಗಿಂತ ಮೇಲೆ ಒಂದು ಜಾಗ ಖಾಲಿ ಬಿದ್ದಿತ್ತು. ಪಾರುಪತ್ಯಗಾರರ ಕಿವಿಯಲ್ಲಿ ಒಂದು ಮಾತು ಹಾಕಿದೆ, ಕೆಲಸವಾಯಿತು.

"ಆದ್ರೆ ಬುದ್ಧಿ, ಒಂದು ವಿಷಯ," ಎಂದೆ. "ಮೇಲೆ ಕೂತವರು ನವಿಲಿನ ಮೇಲೆ ಕೈಯಿಟ್ಟು ಆಣೆ ಮಾಡ್ಬೇಕು. ಒಬ್ರು ಮಾಡಿದ ಆಣೆ ಇನ್ನೊಬ್ರು ಮಾಡೋ ಹಾಗಿಲ್ಲ. ಏನಾದ್ರೂ ಸಣ್ಣದು ಯೋಚನೆ ಮಾಡ್ಕೊಂಡು ಬನ್ನಿ."

ಪೆರೆಟ್ ಅಮ್ಮನೇ ಯೋಚಿಸಿ ಕೊಟ್ಟರು. 'ಮಗಳ ಮದುವೆ ಆಗೋವರೆಗೂ ದ್ರಾಕ್ಷಾರಸ ಮುಟ್ಟಲ್ಲ.' ಮೂರು ವಾರದ ಮಾತು, ಖರ್ಚೂ ಉಳಿತಾಯ. ಸರದಾರರು ಅದನ್ನು ಒಂದು ವಾರ ಕುದುರೆಗೆ ಒಪ್ಪಿಸಿದರು, ಗಿರಣಿಗೆ ಒಪ್ಪಿಸಿದರು, ಬಾವಿಯೊಳಕ್ಕೆ ಬಗ್ಗಿ ಒಪ್ಪಿಸಿದರು.

ಔತಣದ ದಿನ ನಡುಹಗಲಿಗೆ ಕಹಳೆ ಊದಿದರು. ನಾನು ಗೋಬೆರ್ ಸರದಾರರ ಕೈಗೆ ಮೊಟ್ಟಮೊದಲ ಬಾರಿ ಗುಲಾಬಿ ನೀರು ಹಾಕಿದೆ. ಅವರು "ಸಾಕು, ಸಾಕಪ್ಪಾ, ದಂಡ" ಎಂದರು. ನಾನು ಕಣ್ಣು ಬಿಟ್ಟೆ, ಮತ್ತೆ ಕೈಯೊಡ್ಡಿದರು.

ನಮ್ಮಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಜೊತೆಯಾಗಿ ಕೂರುವುದು. ಇಬ್ಬರಿಗೂ ಸೇರಿ ಒಂದೇ ಬಟ್ಟಲು, ತಟ್ಟೆಯ ಬದಲು ಒಣಗಿದ ದಪ್ಪ ರೊಟ್ಟಿಯ ಒಂದೇ ಹಲಗೆ. ಗಂಡಸಾದವನು ಮಾಂಸವನ್ನು ಸಣ್ಣಗೆ ಕೊಯ್ದು ಹೆಂಗಸಿನ ಕಡೆ ತಳ್ಳಬೇಕು, ಕುಡಿಯುವ ಮುಂಚೆ ತುಟಿ ಒರೆಸಿಕೊಳ್ಳಬೇಕು. ಪಾರುಪತ್ಯಗಾರರು ಬಹಳ ಯೋಚಿಸಿ ಸರದಾರರನ್ನು ಯಾರ ಜೊತೆ ಕೂರಿಸಿದ್ದರು ಗೊತ್ತೇ? ಎರ್ಮೆಂಗಾರ್ಡ್ ಅಮ್ಮನವರ ಜೊತೆ! ಮೊದಲ ಸುತ್ತಿನಲ್ಲಿ ಸರದಾರರು ಮಾಂಸ ತಳ್ಳುವ ಬದಲು ಚಾಕುವನ್ನೇ ತಳ್ಳಿದರು. ಎರಡನೇ ಸುತ್ತಿನಲ್ಲಿ ತುಟಿ ಒರೆಸಿಕೊಂಡರು, ಆಯಮ್ಮನ ತೋಳಿಗೆ. ಮೂರನೇ ಸುತ್ತಿನಲ್ಲಿ ಭಯಕ್ಕೆ ರೊಟ್ಟಿಯ ಹಲಗೆಯನ್ನೇ ಅರ್ಧ ತಿಂದುಬಿಟ್ಟರು.

"ಇದು ತಟ್ಟೆ ಕಣ್ರೀ," ಎಂದರು ಎರ್ಮೆಂಗಾರ್ಡ್ ಅಮ್ಮ.

"ಚೆನ್ನಾಗಿದೆ ಅಮ್ಮಾವ್ರೇ," ಎಂದರು ಇವರು.

ಸುತ್ತುಗಳ ನಡುವೆ ಆಟಗಳು ಶುರುವಾದವು. ಚಕ್ರದ ಮೇಲೆ ಒಂದು ಮರದ ಕೋಟೆ ಉರುಳಿ ಬಂತು, ಅದರೊಳಗಿಂದ ಮೈತುಂಬ ನಾರು ಅಂಟಿಸಿಕೊಂಡ ನಾಲ್ಕು ಕಾಡುಮನುಷ್ಯರು ಇಳಿದು ಕುಣಿದರು. ದೊಡ್ಡದೊಂದು ಕಡುಬು ಕೊಯ್ದರೆ ಒಳಗಿಂದ ಜೀವಂತ ಗುಬ್ಬಿಗಳು ಭರ್ರೆಂದು ಹಾರಿ ಮೇಲಿನ ತೊಲೆಯಲ್ಲಿ ಕೂತು, ಕೆಳಗಿದ್ದವರ ಟೋಪಿಗಳ ಮೇಲೆ ತಮ್ಮ ಅಭಿಪ್ರಾಯ ತಿಳಿಸಿದವು. ಕೊನೆಗೆ ಕಹಳೆ ಮೂರು ಸಲ ಊದಿತು. ನವಿಲು ಬಂತು.

ಬೆಳ್ಳಿಯ ಹರಿವಾಣದಲ್ಲಿ, ಇಬ್ಬರು ಕನ್ಯೆಯರ ಕೈಯಲ್ಲಿ. ಬೇಯಿಸಿದ ಹಕ್ಕಿಗೆ ಮತ್ತೆ ಗರಿಸಮೇತ ಚರ್ಮ ತೊಡಿಸಿ ಹೊಲಿದು, ಕೊಕ್ಕಿಗೆ ಚಿನ್ನದ ರೇಕು ಹಚ್ಚಿ, ಬಾಯಲ್ಲಿ ಕರ್ಪೂರದ ಹತ್ತಿ ಉರಿಸುತ್ತಾರೆ. ಹಕ್ಕಿ ಬೆಂಕಿ ಉಗುಳುತ್ತ ಬರುತ್ತದೆ. ಆಣೆಗಳೆಲ್ಲ ಮುಗಿದ ಮೇಲೆ ಅದನ್ನು ಪರದೆಯ ಹಿಂದೆ ಕೊಂಡೊಯ್ದು ಕೊಯ್ಯುವವನು ದೊಡ್ಡ ಅಡುಗೆಯವನಾದ ತಾಸೆನ್. ನನ್ನ ಭಾವಮೈದ. ಅವನ ತಂದೆಯೂ ಇದೇ ಕೋಟೆಯಲ್ಲಿ ಅಡುಗೆಯವರಾಗಿದ್ದರು.

ಮೊದಲು ಆಂಗೆರಾನ್ ದೊರೆಗಳು ಎದ್ದು ಬಲಗೈಯನ್ನು ನವಿಲಿನ ಬೆನ್ನ ಮೇಲಿಟ್ಟರು.

"ದೇವರಾಣೆ, ಮಾತೆ ಮರಿಯಮ್ಮನಾಣೆ, ಇಲ್ಲಿರೋ ಹೆಂಗಸರಾಣೆ, ಈ ನವಿಲಿನಾಣೆ! ಪವಿತ್ರ ಭೂಮಿ ಹಿಡ್ಕೊಂಡಿರೋ ಆ ಸುಲ್ತಾನ ಶರಣಾಗೋವರೆಗೂ ನಾನು ಬಿಳಿ ರೊಟ್ಟಿ ತಿನ್ನೋದಿಲ್ಲ. ಪಾಸ್ಕ ಹಬ್ಬ ಕಳೀತಿದ್ದ ಹಾಗೇ ನನ್ನ ದಂಡು ಹೊರಡುತ್ತೆ!"

ಸಭೆ ಗುಡುಗಿತು. ಆಮೇಲೆ ಒಬ್ಬ ಪಡ್ಡೆ ಸರದಾರ ಅದೇ ಸುಲ್ತಾನನ ಹೆಸರಲ್ಲಿ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡ. ಮೇಜಿನ ತುದಿಯಲ್ಲಿ ಮುದುಕರಾದ ಆನ್ಸೋ ಸರದಾರರು ನಿಂತುಕೊಂಡೇ ಚಪ್ಪಾಳೆ ತಟ್ಟಿದರು. ಅವರು ಯಾವಾಗಲೂ ನಿಂತೇ ಇರುವುದು. ಮೂವತ್ತೊಂದು ವರ್ಷದ ಹಿಂದೆ ಇದೇ ಸಭೆಯಲ್ಲಿ, ಸುಲ್ತಾನ ಶರಣಾಗುವವರೆಗೆ ಕೂತು ಉಣ್ಣುವುದಿಲ್ಲ ಎಂದು ಆಣೆ ಮಾಡಿದವರು. ಗೋಡೆಯ ಗೂಡಿನಲ್ಲಿ ಬಟ್ಟಲಿಟ್ಟುಕೊಂಡು ಉಣ್ಣುತ್ತಾರೆ. ಕಾಲು ಕಂಬವಾಗಿದೆ.

ಗೋಬೆರ್ ಸರದಾರರಿಗಿಂತ ಮುಂಚಿನ ಸರದಿ ಸುಂಕದ ಅಧಿಕಾರಿ ಓಡಾರನದು. ಮುಂಜಾನೆಯೇ ಎರಡು ಹೂಜಿ ಇಳಿಸುವ ಗಿರಾಕಿ. ಅವನು ಎದ್ದ, ತೂರಾಡಿದ, ನವಿಲನ್ನು ಹಿಡಿದು ನಿಂತು, "ಸುಲ್ತಾನ ಶರಣಾಗೋವರೆಗೂ ದ್ರಾಕ್ಷಾರಸ ಮುಟ್ಟಲ್ಲ!" ಎಂದುಬಿಟ್ಟ. ಸಭೆಗೆ ಸಭೆಯೇ ಬಾಯ್ಮೇಲೆ ಬೆರಳಿಟ್ಟಿತು. ಅವನ ಹೆಂಡತಿ ಮೂರ್ಛೆ ಹೋದಳು, ಸಂತೋಷಕ್ಕೆ.

ನಾನು ಸರದಾರರ ಮುಖ ನೋಡಿದೆ. ಒಂದು ವಾರದ ಬಾಯಿಪಾಠ ಹಾರಿಹೋಗಿತ್ತು. ನವಿಲು ಅವರ ಮುಂದೆ ಬಂದು ನಿಂತಿತು. ಎರ್ಮೆಂಗಾರ್ಡ್ ಅಮ್ಮ ಹುಬ್ಬೇರಿಸಿ ನೋಡುತ್ತಿದ್ದರು. ಸರದಾರರು ಎದ್ದು ಬಲಗೈಯಿಟ್ಟರು.

"ದೇವರಾಣೆ, ಮಾತೆ ಮರಿಯಮ್ಮನಾಣೆ, ಇಲ್ಲಿರೋ ಹೆಂಗಸರಾಣೆ, ಈ ನವಿಲಿನಾಣೆ..." ಇಲ್ಲಿಯವರೆಗೆ ಸರಾಗ. ಆಮೇಲೆ ಎಂಜಲು ನುಂಗಿದರು. "ಸುಲ್ತಾನ ಶರಣಾಗೋವರೆಗೂ... ನಾನು... ಈ... ಈ ಕೈ..." ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡಿದರು. "ಈ ಕೈ ಈ ನವಿಲಿನ ಮೇಲಿಂದ ತೆಗೆಯಲ್ಲ!"

ಚಪ್ಪಾಳೆ ಬಿತ್ತು ನೋಡಿ! ಇಂಥ ಆಣೆ ಯಾರೂ ಮಾಡಿರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಭಟ್ಟಂಗಿ ದಪ್ಪ ಅಕ್ಷರದಲ್ಲಿ ಬರೆದುಕೊಂಡ. ದೊರೆಗಳು ಓಡಿಬಂದು ಅಪ್ಪಿಕೊಂಡರು, ಅಪ್ಪಿಕೊಂಡಿರುವಾಗಲೇ ಅವರ ಮುಖ ಸಪ್ಪಗಾಯಿತು.

"ಹಂಗಾದ್ರೆ ಗೋಬೆರ್... ಇದನ್ನ ಕೊಯ್ಯೋದು ಹೆಂಗೆ?"

"ಅದೇ ನಾನೂ ಯೋಚಿಸ್ತಿದೀನಿ ದೊರೆ."

ಪರದೆಯ ಬಳಿ ಚಾಕು ಹಿಡಿದು ನಿಂತಿದ್ದ ನನ್ನ ಭಾವಮೈದ ತಾಸೆನ್ ಮುಖ ಬಿಳುಚಿಕೊಂಡಿತ್ತು. "ದೊರೆ, ಹಕ್ಕಿ ಅಡುಗೆಮನೇಲೇ ಇರಲಿ. ಸರದಾರರು ಬೇಕಾದ್ರೆ ಅಲ್ಲೇ ಬಂದು ಇರಲಿ, ಒಲೆ ಪಕ್ಕ ಹಾಸಿಕೊಡ್ತೀನಿ," ಎಂದು ಗೋಗರೆದ. ಇವನಿಗೇಕೆ ಇಷ್ಟು ಕಾಳಜಿ ಎಂದು ನನಗೆ ಆಗ ಹೊಳೆಯಲಿಲ್ಲ. ಕೋಟೆಯ ಪಾದ್ರಿಗಳು, ಆಣೆ ಮಾಡಿದವನ ಸ್ವಾತಂತ್ರ್ಯಕ್ಕೆ ಅಡ್ಡಿ ಮಾಡಬಾರದು, ಹಕ್ಕಿ ಅವನ ಜೊತೆಗೇ ಹೋಗಬೇಕು ಎಂದು ತೀರ್ಪು ಕೊಟ್ಟರು. ಊಟ ಮುಗಿದ ಮೇಲೆ ಮತ್ತೆ ನೀರು ತಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಒಬ್ಬ ಮನುಷ್ಯನ ಒಂದೇ ಕೈ ತೊಳೆಸಿದೆ. ನನ್ನ ವೃತ್ತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಮನೆಗೆ ಮುಟ್ಟಿಸುವ ಕೆಲಸವೂ ನನ್ನ ತಲೆಗೇ ಬಂತು. ಅವರು ಕುದುರೆಯ ಮೇಲೆ, ಮಡಿಲಲ್ಲಿ ಹರಿವಾಣ, ಅದರಲ್ಲಿ ನವಿಲು, ಅದರ ಮೇಲೆ ಕೈ. ನಾನು ಲಗಾಮು ಹಿಡಿದು ಮುಂದೆ. ಹಿಂದೆ ದೊರೆಯ ಬೇಟೆನಾಯಿ ಗ್ರಿಫೋ, ಮೂಗೆತ್ತಿಕೊಂಡು.

ಪೆರೆಟ್ ಅಮ್ಮ ಬಾಗಿಲಲ್ಲೇ ನಿಂತಿದ್ದರು.

"ರೀ, ಏನ್ರೀ ಅದು?"

"ನವಿಲು ಕಣೇ."

"ಅದು ಕಾಣ್ತಿದೆ. ನಮ್ಮನೆಗ್ಯಾಕೆ ಬಂತು?"

"ಅದು ಬಂದಿಲ್ಲ. ನಾನು ಅದರ ಜೊತೆ ಬಂದೆ."

ನಾನು ನಡೆದದ್ದನ್ನು ಹೇಳಿದೆ. ಪೆರೆಟ್ ಅಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು. "ಒಂದೇ ಒಂದು ಮಾತು ಬಾಯಿಪಾಠ ಮಾಡಿಸಿ ಕಳಿಸಿದ್ನಲ್ರೀ! ಕುದುರೆಗೂ ಬರುತ್ತಿತ್ತಲ್ರೀ ಅದು!"

"ಅದನ್ನ ಆ ಓಡಾರ ಹೇಳ್ಬಿಟ್ಟ ಕಣೇ."

"ಸುಮ್ನೆ ಒಂದು ತಿಂಗಳು ಗಡ್ಡ ಬಿಡ್ತೀನಿ ಅನ್ನೋಕಾಗ್ಲಿಲ್ವಾ?"

ಸರದಾರರು ಬಹಳ ಹೊತ್ತು ಯೋಚಿಸಿ, "ಅದು ಚೆನ್ನಾಗಿರ್ತಿತ್ತು," ಎಂದರು.

ಮರುದಿನದಿಂದ ಜನ ಬರತೊಡಗಿದರು. ಏಳು ಹಳ್ಳಿಯವರೂ ಸಾಲುಗಟ್ಟಿ ನಿಂತು ಕೈಯನ್ನೂ ನವಿಲನ್ನೂ ನೋಡಿದರು. ಒಬ್ಬ ಮುದುಕಿ ಮೊಮ್ಮಗನ ಕೆಮ್ಮು ವಾಸಿಯಾಗಲೆಂದು ಬಾಲಕ್ಕೆ ದಾರ ಕಟ್ಟಿದಳು. ಎರ್ಮೆಂಗಾರ್ಡ್ ಅಮ್ಮನವರೇ ಗಾಡಿ ಕಟ್ಟಿಸಿಕೊಂಡು ಬಂದು, ಜೊತೆಗಿದ್ದ ನಾಲ್ವರು ನೆಂಟರಿಗೆ, "ಇವರೇ ನೋಡಿ, ನಮ್ಮ ಬೀಗರು!" ಎಂದು ತೋರಿಸಿದರು. ಬೀಗರು ಆಗ ಎಡಗೈಯಲ್ಲಿ ಗಂಜಿ ಕುಡಿಯುತ್ತ ಗಲ್ಲಕ್ಕೆಲ್ಲ ಸುರಿದುಕೊಂಡಿದ್ದರು. ಮದುವೆ ಮಂಗಳವಾರಕ್ಕೆ ನಿಶ್ಚಯವಾಯಿತು. ಅಲಿಸಾನ್ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಳು, ನಾನು ಕಿಟಕಿಯಿಂದ ನೋಡಿದೆ.

ಹೊರಡುವಾಗ ಎರ್ಮೆಂಗಾರ್ಡ್ ಅಮ್ಮ ಬಾಗಿಲಲ್ಲಿ ತಿರುಗಿ ನಿಂತರು.

"ಅಂದಹಾಗೆ, ಚರ್ಚಿನ ಬಾಗಿಲಲ್ಲಿ ಮಗಳ ಕೈಯನ್ನ ನನ್ನ ಮಗನ ಕೈಗೆ ಯಾವ ಕೈಯಲ್ಲಿ ಕೊಡ್ತೀರಿ?"

ಎಲ್ಲರ ಕಣ್ಣೂ ನವಿಲಿನ ಮೇಲಿದ್ದ ಬಲಗೈಗೆ ಹೋಯಿತು. ತಂದೆಯಾದವನು ಬಲಗೈಯಿಂದ ಕೊಡಬೇಕು. ಎಡಗೈಯಿಂದ ಕೊಟ್ಟ ಮದುವೆಯ ಹೆಂಡತಿಗೂ ಮಕ್ಕಳಿಗೂ ನಮ್ಮಲ್ಲಿ ಅರ್ಧ ಮರ್ಯಾದೆ, ಆಸ್ತಿಯಂತೂ ಇಲ್ಲವೇ ಇಲ್ಲ.

"ಎಡಗೈ ಸಂಬಂಧ ನಮ್ಮ ವಂಶದಲ್ಲಿ ಇಲ್ಲ," ಎಂದರು ಆಯಮ್ಮ. "ಬಲಗೈ ಇದ್ರೆ ಮದುವೆ."

ಅಲ್ಲಿಗೆ ಶುರುವಾಯಿತು ಓಡಾಟ. ನಾನೂ ಪೆರೆಟ್ ಅಮ್ಮನೂ ಪಾದ್ರಿಗಳ ಬಳಿ ಹೋದೆವು. ಆಣೆ ಮುರಿದರೆ ನೇರ ನರಕ ಎಂದರು. ಬಿಡುಗಡೆ ಕೊಡುವ ಅಧಿಕಾರ ಪೋಪರಿಗಿದೆ, ಕಾಗದ ಹೋಗಿ ಬರುವ ಹೊತ್ತಿಗೆ ಬೇಸಿಗೆ ಎಂದರು. ಇಲ್ಲವೇ ಸುಲ್ತಾನ ಶರಣಾಗಬೇಕು.

ಇದನ್ನು ಕೇಳಿ ಸರದಾರರ ಮುಖ ಅರಳಿತು. "ಹಂಗಾದ್ರೆ ಸುಲ್ತಾನನ್ನೇ ಕೇಳೋಣ. ಕೇಳೋದ್ರಲ್ಲಿ ತಪ್ಪೇನು?"

ಎಡಗೈಯಲ್ಲಿ ಬರೆಯಲಾಗದೆ ನನ್ನ ಕೈಯಲ್ಲಿ ಬರೆಸಿದರು. ಆ ಒಕ್ಕಣೆ ನನಗೆ ಇಂದಿಗೂ ನೆನಪಿದೆ. 'ಮಹಾರಾಜಶ್ರೀ ಸುಲ್ತಾನರವರ ಸನ್ನಿಧಾನಕ್ಕೆ ಗಿರಣಿಯ ಗೋಬೆರ್ ಮಾಡುವ ವಿಜ್ಞಾಪನೆಗಳು. ನಾವು ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇವೆ. ನಮ್ಮ ಏಕಮಾತ್ರ ಪುತ್ರಿಯ ವಿವಾಹವು ಬರುವ ಮಂಗಳವಾರದಂದು ನಿಶ್ಚಯವಾಗಿರುವುದರಿಂದ, ತಾವು ದಯಮಾಡಿ ಸೋಮವಾರದೊಳಗಾಗಿ ಶರಣಾಗಬೇಕಾಗಿ ಪ್ರಾರ್ಥನೆ. ಆಮೇಲೆ ತಮಗೆ ಅನುಕೂಲವಾದಂತೆ ಮಾಡಿಕೊಳ್ಳಬಹುದು. ಸಕುಟುಂಬ ಸಮೇತರಾಗಿ ಮದುವೆಗೂ ಬರತಕ್ಕದ್ದು.' ಜಿನೋವಾ ಬಂದರಿನ ಕಡೆ ಹೊರಟಿದ್ದ ಉಣ್ಣೆ ವ್ಯಾಪಾರಿಯೊಬ್ಬನ ಕೈಗೆ ಕೊಟ್ಟೆವು. ಅವನು ಮೇಲ್ವಿಳಾಸ ಓದಿ, ನನ್ನನ್ನು ಓದಿ, ಚೀಲಕ್ಕೆ ಹಾಕಿಕೊಂಡ.

ಈ ನಡುವೆ ಉಳಿದ ಆಣೆಯವರ ಗತಿಯೂ ಚೆನ್ನಾಗಿರಲಿಲ್ಲ. ಒಂಟಿಗಣ್ಣಿನ ಪಡ್ಡೆ ಎರಡು ಸಲ ಕಂದಕಕ್ಕೆ ಬಿದ್ದ. ಓಡಾರ ನೀರು ಕುಡಿದು ಜ್ವರ ಹಿಡಿಸಿಕೊಂಡ. ದೊರೆಗಳಿಗೆ ಕಪ್ಪು ರೊಟ್ಟಿ ತಿಂದು ಹೊಟ್ಟೆ ಕೆಟ್ಟಿತ್ತು. ದಂಡಿನ ವಿಷಯ ಯಾರಾದರೂ ಎತ್ತಿದರೆ, "ಈ ವರ್ಷ ಪಾಸ್ಕ ಸ್ವಲ್ಪ ಬೇಗ ಬಂದುಬಿಡುತ್ತಲ್ವಾ?" ಎಂದು ಕೇಳುತ್ತಿದ್ದರು.

ನವಿಲು? ಚಳಿಗಾಲ ಕಾಪಾಡಿತು ಅನ್ನಿ. ಪೆರೆಟ್ ಅಮ್ಮ ದಿನಾ ವಿನೆಗರ್ ಸುರಿದು ಲವಂಗ ತುರುಕುತ್ತಿದ್ದರು. ಆದರೂ ಎರಡನೇ ವಾರಕ್ಕೆ ಜನ ದರ್ಶನವನ್ನು ಅಂಗಳದಿಂದಲೇ ಮುಗಿಸತೊಡಗಿದರು. ಗ್ರಿಫೋ ನಾಯಿ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಒಂದು ದಿನ ವಿನೆಗರ್ ಹಾಕುತ್ತಿದ್ದ ಪೆರೆಟ್ ಅಮ್ಮ ಮೂಗು ಮುಚ್ಚಿದ್ದ ಸೆರಗು ಸರಿಸಿ, "ಇಂಬೇರಾ, ಈ ಕೊಬ್ಬಿನ ವಾಸನೆ ನಂಗೆಲ್ಲೋ ಗುರ್ತು ಕಣಪ್ಪಾ," ಎಂದರು. ನಾನೂ ಮೂಸಿದೆ. ನನಗೂ ಗುರುತು. ಹತ್ತೊಂಬತ್ತು ವರ್ಷ ದೊಡ್ಡವರ ಬೆರಳಿನಿಂದ ನಾನು ತೊಳೆದದ್ದು ಇದೇ ಕೊಬ್ಬು. ನವಿಲಿನ ಕೊಬ್ಬು ಹೀಗೇ ಇರುತ್ತದೆ ಎಂದುಕೊಂಡು ಸುಮ್ಮನಾದೆ. ನೀರು ಹಾಕುವವನಿಗೆ ಯಾಕೆ ಬೇಕು ಊರ ಉಸಾಬರಿ?

ಮಂಗಳವಾರ ಬಂತು. ಸುಲ್ತಾನ ಬರಲಿಲ್ಲ.

ಚರ್ಚಿನ ಮುಂದೆ ಇಡೀ ಸೀಮೆ ನೆರೆದಿತ್ತು. ದೊರೆಗಳು ಬಂದಿದ್ದರು, ಭಟ್ಟಂಗಿ ಪುಸ್ತಕ ತಂದಿದ್ದ, ಮದುವೆ ಅಡುಗೆಗೆಂದು ತಾಸೆನ್ ಬಂದಿದ್ದ, ಆನ್ಸೋ ಸರದಾರರು ದೊಣ್ಣೆಯೂರಿ ನಿಂತಿದ್ದರು. ಅಲಿಸಾನ್ ನೀಲಿ ಉಡುಪಿನಲ್ಲಿ, ಎದುರಿಗೆ ಬೆರ್ಟಿನ್. ನಡುವೆ ಗೋಬೆರ್ ಸರದಾರರು, ಎಡಗೈಯಲ್ಲಿ ಎದೆಗವಚಿದ ಹರಿವಾಣ, ನವಿಲಿನ ಮೇಲೆ ಬಲಗೈ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ನೋಡಿಕೊಂಡು ಜನ ಜಾಗ ಬದಲಿಸುತ್ತಿದ್ದರು.

"ಬಲಗೈ," ಎಂದರು ಎರ್ಮೆಂಗಾರ್ಡ್ ಅಮ್ಮ.

ಸರದಾರರು ತಲೆ ತಗ್ಗಿಸಿದರು.

"ಬಲಗೈ ಇಲ್ದಿದ್ರೆ ಬಾ ಮಗನೇ ಮನೆಗೆ. ಹೆಣ್ಣು ಇದೊಂದೇ ಅಲ್ಲ."

ಬೆರ್ಟಿನ್ ಕದಲಲಿಲ್ಲ, ಆದರೆ ಅಮ್ಮನಿಗೆ ಎದುರಾಡುವ ತಾಕತ್ತೂ ಆ ಬಡಪಾಯಿಗೆ ಇರಲಿಲ್ಲ. ಆಗ ಅಲಿಸಾನ್ ತಂದೆಯ ಬಳಿ ಬಂದಳು. ವಾಸನೆಗೆ ಮುಖ ಕೂಡ ತಿರುಗಿಸಲಿಲ್ಲ.

"ಅಪ್ಪಾ, ನೀನು ಕೈ ತೆಗೀಬೇಡ. ನನ್ನ ಮದುವೆಗೋಸ್ಕರ ನೀನು ನರಕಕ್ಕೆ ಹೋಗೋದು ಬೇಡ. ನಾನು ನಿಮ್ಮ ಜೊತೇಲೇ ಇರ್ತೀನಿ. ಒಂದೇ ಕೈ ಉಳಿದಿರೋ ನಿನಗೆ ಗಂಜಿ ಕುಡಿಸೋರಾದ್ರೂ ಯಾರು?"

ಸರದಾರರು ಮಗಳ ಮುಖ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯ ಗಾಬರಿಯಿಲ್ಲದೆ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. "ನರಕ ಹೇಗಿದ್ರೂ ಬೆಚ್ಚಗಿರುತ್ತೆ ಮಗಳೇ. ನಮ್ಮ ಗೋಪುರಕ್ಕಿಂತ ವಾಸಿ," ಎಂದರು. ಎಂದವರೇ ಹೆಬ್ಬೆರಳು ಎತ್ತಿದರು.

ಜನ ಹಾ ಎಂದರು. ತೋರುಬೆರಳು ಎದ್ದಿತು. ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು. ನಡುಬೆರಳು, ಉಂಗುರದ ಬೆರಳು. ಕಿರುಬೆರಳೊಂದೇ ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅಷ್ಟರಲ್ಲಿ ಗ್ರಿಫೋ ಹಾರಿತು. ಮೂರು ವಾರ ಕಾದ ನಾಯಿಗೆ ನಾಲ್ಕು ಬೆರಳು ಎದ್ದದ್ದೇ ಅಪ್ಪಣೆ. ಹಕ್ಕಿಯ ಹೊಟ್ಟೆಗೆ ಬಾಯಿ ಹಾಕಿ ಎಳೆಯಿತು. ಸರದಾರರು ಬೆಚ್ಚಿ ಐದೂ ಬೆರಳಿನಿಂದ ಗಪ್ಪನೆ ಹಿಡಿದರು. ಹೊಲಿಗೆ ಪರ್ರನೆ ಬಿಚ್ಚಿತು. ಮಾಂಸ ನಾಯಿಯ ಪಾಲಾಯಿತು, ಚರ್ಮ ಸರದಾರರ ಕೈಯಲ್ಲಿ ಉಳಿಯಿತು.

"ಆಣೆ ಮುರಿದಿಲ್ಲ!" ಎಂದು ಭಟ್ಟಂಗಿ ಕೂಗಿದ. "ಕಿರುಬೆರಳು ಗರಿಯ ಮೇಲೇ ಇತ್ತು! ಬರ್ಕೊಂಡಿದೀನಿ!"

ನಾಯಿ ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಎದೆಮೂಳೆಯನ್ನು ಉಗುಳಿತು. ಅದು ಉರುಳುತ್ತ ಪೆರೆಟ್ ಅಮ್ಮನ ಕಾಲ ಬಳಿ ಬಂದು ನಿಂತಿತು. ಆಯಮ್ಮ ಅಭ್ಯಾಸಬಲದಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದರು.

"ಇನ್ನೊಂದು ವಾರ ಚಳಿ ಇದೆ," ಎಂದರು. ಆಮೇಲೆ ಬಾಯಿ ತೆರೆದದ್ದು ತೆರೆದಂತೆಯೇ ನಿಂತರು. "ಅಯ್ಯೋ ನಿಮ್ಮ! ಇದು ಹೆಬ್ಬಾತು!"

"ಏನಂದೆ?" ಎಂದರು ದೊರೆಗಳು.

"ಹೆಬ್ಬಾತು ದೊರೆ! ನಲವತ್ತು ವರ್ಷದಿಂದ ಈ ಮೂಳೆ ನೋಡ್ಕೊಂಡು ಬಂದಿದೀನಿ, ನನ್ನ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ಇದು ನವಿಲಾದ್ರೆ ನಾನು ಮಹಾರಾಣಿ!"

ಧೊಪ್ಪೆಂದು ಸದ್ದಾಯಿತು. ನನ್ನ ಭಾವಮೈದ ತಾಸೆನ್ ದೊರೆಯ ಕಾಲಿಗೆ ಬಿದ್ದಿದ್ದ.

"ತಪ್ಪಾಯ್ತು ದೊರೆ! ನವಿಲಿನ ಮಾಂಸ ಜೋಡಿನ ತೊಗಲಿಗಿಂತ ಗಟ್ಟಿ. ನಿಮ್ಮ ತಂದೆಯವರಿಗೆ ಹಲ್ಲಿರ್ಲಿಲ್ಲ. ಅವರೇ ನಮ್ಮಪ್ಪನ್ನ ಗುಟ್ಟಾಗಿ ಕರೆದು, 'ಮೇಲೆ ನವಿಲಿರಲಿ, ಒಳಗೆ ಏನಾದ್ರೂ ಮೆತ್ತಗಿರೋದು ಹಾಕು' ಅಂದ್ರಂತೆ. ಆವತ್ತಿಂದ ಅದೇ ಚರ್ಮ. ಹಬ್ಬ ಆದ್ಮೇಲೆ ಉಪ್ಪು ಸವರಿ ಪೆಟ್ಟಿಗೇಲಿ ಇಡ್ತೀವಿ."

"ಆವತ್ತಿಂದ ಅಂದ್ರೆ ಎಷ್ಟು ವರ್ಷ?"

"ಮೂವತ್ನಾಲ್ಕು ದೊರೆ."

ಇಡೀ ಜನಸ್ತೋಮ ನಿಧಾನಕ್ಕೆ ತಿರುಗಿ ಆನ್ಸೋ ಸರದಾರರನ್ನು ನೋಡಿತು. ಮುದುಕರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ನನ್ನ ಮದುವೆ ಊಟಾನೂ ನಿಂತೇ ತಿಂದೆ," ಎಂದರು.

ಪಾದ್ರಿಗಳು ಗಂಟಲು ಸರಿಪಡಿಸಿಕೊಂಡರು. ನಾಲ್ಕು ಸಾಕ್ಷಿಗಳ ಮೇಲೆ ಮಾಡಿದ ಆಣೆಯಲ್ಲಿ ಒಂದು ಸಾಕ್ಷಿಯೇ ನಕಲಿಯಾದರೆ ಆಣೆ ಬಿದ್ದುಹೋಗುತ್ತದೆ, ಹೆಬ್ಬಾತಿನ ಮೇಲೆ ಆಣೆ ಮಾಡುವ ಕ್ರಮ ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಸಾರಿದರು. ಅವರು ಬಾಯಿ ಮುಚ್ಚುವ ಮೊದಲೇ ಪಡ್ಡೆ ಸರದಾರ ಕಣ್ಣಿನ ಪಟ್ಟಿ ಕಿತ್ತೆಸೆದ. ಓಡಾರ ಯಾರದೋ ಸೊಂಟದಲ್ಲಿದ್ದ ದ್ರಾಕ್ಷಾರಸದ ಬುರುಡೆಗೆ ಬಾಯಿ ಹಚ್ಚಿದ್ದ, ಅವನ ಹೆಂಡತಿ ಎರಡನೇ ಸಲ ಮೂರ್ಛೆ ಹೋದಳು.

"ಅಯ್ಯೋ ನನ್ನ ದಂಡಯಾತ್ರೆ!" ಎಂದು ದೊರೆಗಳು ಎದೆ ಬಡಿದುಕೊಂಡರು. "ನನ್ನ ಶೌರ್ಯಕ್ಕೆ ಒಂದು ಹೆಬ್ಬಾತು ಅಡ್ಡ ಬಂತಲ್ಲಪ್ಪಾ!" ಎರಡು ಸಲ ಬಡಿದುಕೊಂಡು, ಚರ್ಚಿನ ಮೆಟ್ಟಿಲ ಮೇಲೆ ಕೂತು, ಸುತ್ತ ನೋಡಿ, "ಯಾರ ಹತ್ರಾದ್ರೂ ಬಿಳಿ ರೊಟ್ಟಿ ಇದೆಯೇನ್ರೋ?" ಎಂದರು. ಬಾಯಿ ತುಂಬಿಸಿಕೊಂಡೇ, ಇನ್ನು ಮುಂದೆ ಗೋಬೆರ್ ಸರದಾರರ ಜಾಗ ಖಾಯಂ ಆಗಿ ಉಪ್ಪಿಗಿಂತ ಮೇಲೆ ಎಂದು ಅಪ್ಪಣೆ ಕೊಡಿಸಿದರು.

ಎರ್ಮೆಂಗಾರ್ಡ್ ಅಮ್ಮನಿಗೆ ಇನ್ನು ಬಾಯಿಲ್ಲ. ಆದರೂ ಮೂಗಿತ್ತು. "ಆ ಕೈಯಲ್ಲೇ ನನ್ನ ಸೊಸೆಯನ್ನ ಕೊಡ್ತಾರಾ?"

ಸರದಾರರು ಚರ್ಮ ಕೆಳಗಿಟ್ಟು ಅಂಗೈ ನೋಡಿಕೊಂಡರು. ಮೂರು ವಾರದ ವಿನೆಗರ್, ಕೊಬ್ಬು, ಗರಿ. ಆಗ ದೊರೆಗಳು ಒಂದು ಮಾತು ಕೂಗಿದರು. ಆ ಮಾತಿಗೋಸ್ಕರವೇ ನಾನು ಹುಟ್ಟಿದ್ದೆ ಎಂದು ನನಗೆ ಅನ್ನಿಸುತ್ತದೆ.

"ಎಲ್ಲಿ ನಮ್ಮ ಇಂಬೇರ? ಕೈಗೆ ನೀರು ಹಾಕಪ್ಪಾ!"

ಪಾದ್ರಿಗಳ ಒಲೆಯ ನೀರು, ಅವರ ಮನೆಯ ಗುಲಾಬಿ ದಳ, ನನ್ನ ಹೂಜಿ. ಮೂರು ಹೂಜಿ ಬೇಕಾಯಿತು. ಮೊದಲನೆಯದು ಕಪ್ಪಗೆ ಹರಿಯಿತು, ಎರಡನೆಯದು ಕಂದು, ಮೂರನೆಯದು ತಿಳಿ. "ಸಾಕು, ಸಾಕಪ್ಪಾ, ದಂಡ," ಎಂದರು ಸರದಾರರು. ನಾನು ನಿಲ್ಲಿಸಲಿಲ್ಲ. ಹೆಗಲ ವಸ್ತ್ರದಿಂದ ಒಂದೊಂದು ಬೆರಳೂ ಒರೆಸಿ ಕಳಿಸಿದೆ. ಆ ಕೈ ಮಗಳ ಕೈ ಹಿಡಿದು ಬೆರ್ಟಿನ್ ಕೈಯಲ್ಲಿ ಇಟ್ಟಿತು. ಅಪ್ಪ, ಮಗಳು, ಪೆರೆಟ್ ಅಮ್ಮ, ಭಟ್ಟಂಗಿ, ನಾನು, ಎಲ್ಲರೂ ಅತ್ತೆವು. ಅಷ್ಟು ಹೊತ್ತು ಕಳೆದರೂ ಸರದಾರರು ಆ ಎರಡು ಕೈಗಳ ಮೇಲಿಂದ ತಮ್ಮ ಕೈ ತೆಗೆಯಲಿಲ್ಲ. ಕೊನೆಗೆ ಪೆರೆಟ್ ಅಮ್ಮ, "ರೀ, ಇನ್ನು ಬಿಡ್ರೀ," ಎನ್ನಬೇಕಾಯಿತು.

ಮದುವೆಯ ಊಟದಲ್ಲಿ ದೊರೆಗಳು ತಾಸೆನ್‌ನನ್ನು ಕಂಬದ ಮರೆಗೆ ಕರೆದು ಏನೋ ಹೇಳಿದರು. ಅವನ ತಲೆ ಹೋಯಿತು ಎಂದುಕೊಂಡು ನಾನು ಹೂಜಿ ಹಿಡಿದು ಹತ್ತಿರ ಸುಳಿದೆ. "ಆ ಚರ್ಮ ಹರಿದಿದ್ರೆ ಹೊಲಿಸು. ಜೋಪಾನ. ಮುಂದಿನ ವರ್ಷಾನೂ ಹೆಬ್ಬಾತೇ ಇರಲಿ," ಎನ್ನುತ್ತಿದ್ದರು.

ಆನ್ಸೋ ಸರದಾರರಿಗೆ ಗಾದಿ ಹಾಸಿದ ಕುರ್ಚಿ ಕೊಟ್ಟರು. ಇಬ್ಬರು ಹಿಡಿದು ಕೂರಿಸಿದರು, ಮಂಡಿ ಮಡಚುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಮುಂದೆ ಬಟ್ಟಲಿಟ್ಟರು. ಮುದುಕರು ಅದನ್ನೇ ನೋಡುತ್ತ ಕೂತರು.

"ಕೂತ್ರೆ ಊಟ ಇಷ್ಟು ಹತ್ರ ಇರುತ್ತಾ?" ಎಂದರು.

ನಾನು ಗೋಬೆರ್ ಸರದಾರರ ಬಳಿ ಹೋದೆ. ಎರಡೂ ಕೈ ಬೆಳ್ಳಗೆ ಮೇಜಿನ ಮೇಲಿದ್ದವು, ಮುಂದೆ ಊಟ ಹಾಗೇ ಇತ್ತು. ಮುಖದಲ್ಲಿ ಮತ್ತೆ ಅದೇ ಗಾಬರಿ.

"ಏನಾಯ್ತು ಬುದ್ಧಿ? ಎಲ್ಲಾ ಸುಸೂತ್ರ ಮುಗೀತಲ್ಲ?"

ಅವರು ನನ್ನ ತೋಳು ಹಿಡಿದು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದರು.

"ಇಂಬೇರಾ, ಇನ್ನೊಂದು ಕಾಗದ ಬರೀಬೇಕಲ್ಲಪ್ಪಾ. ಇನ್ನು ಶರಣಾಗೋದು ಬೇಡ ಅಂತ. ಪಾಪ, ಸುಲ್ತಾನರು ಮನೆ ಮಂದಿನೆಲ್ಲ ಕಟ್ಕೊಂಡು ಹೊರಟುಬಿಟ್ಟಿದ್ರೆ?"